ಕಳ್ಬಪ್ಪಿನ ಐತಿಹ್ಯ ಮತ್ತು ಉತ್ಖನನದ ಮಿತಿ

ಶ್ರವಣಬೆಳಗೊಳದ ಚಿಕ್ಕಬೆಟ್ಟಕ್ಕೆ ಚಂದ್ರಗಿರಿ ಎಂಬ ಹೆಸರು ಮೌರ್ಯ ಚಂದ್ರಗುಪ್ತನಿಂದ ಬಂದಿತೆಂಬುದು ಐತಿಹ್ಯ. ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡ ಶ್ರುತಕೇವಲಿ ಭದ್ರಬಾಹುವಿನೊಡನೆ ಆ ಅರಸ ದಕ್ಷಿಣಕ್ಕೆ ಬಂದು, ಗುರುವಿನ ಸೇವೆಯಲ್ಲಿದ್ದು, ಇಲ್ಲಿಯೇ ಸಲ್ಲೇಖನದಿಂದ ದೇಹ ತ್ಯಜಿಸಿದನೆಂದು ನಂಬಿಕೆ. ನೆಲವನ್ನು ಅಗೆದು ಇದರ ಸತ್ಯಾಸತ್ಯವನ್ನು ಪರೀಕ್ಷಿಸಬಹುದೇ? ಉತ್ತರಿಸುವ ಮೊದಲು, ಪರೀಕ್ಷೆಗೆ ಒಡ್ಡಬೇಕಾದ ಕಥೆ ಯಾವುದೆಂಬುದನ್ನು ಪಠ್ಯಗಳಿಂದ ನಿರ್ಧರಿಸಬೇಕಾಗುತ್ತದೆ.

ಪಠ್ಯಗಳಲ್ಲಿರುವುದು ಒಂದೇ ಕಥೆಯಲ್ಲ. ಬೆಟ್ಟದ ಮೇಲಿನ ಸುಮಾರು ಕ್ರಿ.ಶ. 600ರ ಸಂಸ್ಕೃತ ಶಾಸನದಲ್ಲಿ ಭದ್ರಬಾಹು ಉಜ್ಜಯಿನಿಯಲ್ಲಿ ಕ್ಷಾಮವನ್ನು ಮುನ್ನುಡಿಯುತ್ತಾನೆ, ಸಂಘ ದಕ್ಷಿಣಕ್ಕೆ ಸಾಗುತ್ತದೆ; ಆದರೆ ಕಟವಪ್ರದಲ್ಲಿ ಸಮಾಧಿ ಹೊಂದುವವನು ಪ್ರಭಾಚಂದ್ರನೆಂಬ ಆಚಾರ್ಯ. ಇವನೇ ಚಂದ್ರಗುಪ್ತನೆಂದು ಬಿ.ಎಲ್. ರೈಸ್ ವಾದಿಸಿದರೆ, ಜೆ.ಎಫ್. ಫ್ಲೀಟ್ ಅದನ್ನು ಒಪ್ಪಲಿಲ್ಲ. ಹರಿಷೇಣನ ಬೃಹತ್ಕಥಾಕೋಶದಲ್ಲಿ (ಕ್ರಿ.ಶ. 931) ಚಂದ್ರಗುಪ್ತ ಉಜ್ಜಯಿನಿಯ ಅರಸ, ದೀಕ್ಷೆಯ ಬಳಿಕ ವಿಶಾಖಾಚಾರ್ಯ, ಅಲ್ಲಿ ಭದ್ರಬಾಹು ಸಂಘವನ್ನು ದಕ್ಷಿಣಕ್ಕೆ ಕಳುಹಿಸಿ ತಾನು ಉತ್ತರದಲ್ಲಿಯೇ ಉಳಿಯುತ್ತಾನೆ. ವಡ್ಡಾರಾಧನೆಯಲ್ಲಿ ಗುರುಶಿಷ್ಯರಿಬ್ಬರೂ ಕಳ್ಬಪ್ಪಿಗೆ ಬರುತ್ತಾರೆ. ಹತ್ತೊಂಬತ್ತನೆಯ ಶತಮಾನದ ದೇವಚಂದ್ರನ ರಾಜಾವಳೀ ಕಥೆಗೆ ಬಂದರೆ, ಬೆಟ್ಟಕ್ಕೆ ಬಂದ ಚಂದ್ರಗುಪ್ತ ಅಶೋಕನ ಅಜ್ಜನಲ್ಲ, ಮೊಮ್ಮಗ.

ಇವುಗಳಲ್ಲಿ ಯಾವುದನ್ನು ಗುದ್ದಲಿ ನಿರ್ಣಯಿಸೀತು? ಮೌರ್ಯ ಕಾಲದ ಮಡಕೆಯ ಚೂರುಗಳು ದೊರೆತವೆಂದೇ ಇಟ್ಟುಕೊಳ್ಳೋಣ. ಆ ಕಾಲದಲ್ಲಿ ಇಲ್ಲಿ ಜನವಸತಿ ಇತ್ತೆಂಬುದಕ್ಕಿಂತ ಹೆಚ್ಚಿನದನ್ನು ಅವು ಹೇಳಲಾರವು. ದೊರೆಯದಿದ್ದರೆ ಐತಿಹ್ಯ ಸುಳ್ಳೆಂದೂ ಆಗದು. ಸರ್ವಸ್ವವನ್ನೂ ತೊರೆದ ದಿಗಂಬರ ಮುನಿ ನೆಲದಲ್ಲಿ ಉಳಿಸಿಹೋಗುವ ಕುರುಹಾದರೂ ಏನು? ಮೇಲಾಗಿ ಚಂದ್ರಗಿರಿಯ ಬಹುಭಾಗ ಬರಿಯ ಬಂಡೆ. ಅದರ ಚರಿತ್ರೆ ಮಣ್ಣಿನ ಪದರಗಳಲ್ಲಿ ಅಲ್ಲ, ಬಂಡೆಯ ಮೇಲಿನ ಅಕ್ಷರಗಳಲ್ಲಿದೆ.

ಉತ್ಖನನ ನಿಷ್ಫಲವೆಂದು ಇದರ ಅರ್ಥವಲ್ಲ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿಯ ಚಾವಣಿ ಕುಸಿದಾಗ, ಪೀಠವಾಗಿ ಬಳಕೆಯಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಾಣಿಸಿತು. ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನವು ಮಹಾಸ್ತೂಪವನ್ನೂ, ಅಶೋಕನ ಹೆಸರನ್ನು ಬ್ರಾಹ್ಮಿಯಲ್ಲಿ ಹೊತ್ತ ಶಿಲ್ಪವನ್ನೂ ಬೆಳಕಿಗೆ ತಂದಿತು. ಅಲ್ಲಿ ನೆಲ ಉತ್ತರಿಸಿದ್ದು ಯಾವುದೋ ಐತಿಹ್ಯದ ಪರ ಅಥವಾ ವಿರುದ್ಧವಾಗಿ ಅಲ್ಲ. ಯಾರೂ ಕೇಳದಿದ್ದ ಚರಿತ್ರೆಯೊಂದನ್ನು ಅದು ತೆರೆಯಿತು.

ಉತ್ಖನನವೆಂದರೆ ಒಮ್ಮೆ ಮಾತ್ರ ಓದಬಹುದಾದ ಹಸ್ತಪ್ರತಿ. ಓದುತ್ತ ಹೋದಂತೆ ಅದರ ಗರಿಗಳು ನಾಶವಾಗುತ್ತವೆ. ಆರಾಧನೆ ಇಂದಿಗೂ ನಡೆದಿರುವ ನೆಲೆಯಲ್ಲಿ ಈ ನಷ್ಟ ಇಮ್ಮಡಿ. ಆದುದರಿಂದ ಬೆಳಗೊಳದ ಪ್ರಾಚೀನ ವಸತಿಯ ಕಾಲವನ್ನು ಅರಿಯಲು ಸುತ್ತಲಿನ ನೆಲವನ್ನು ಶೋಧಿಸುವುದು ನ್ಯಾಯವಾದ ಕಾರ್ಯ. ಚಂದ್ರಗುಪ್ತ ಬಂದನೋ ಇಲ್ಲವೋ ಎಂದು ತೀರ್ಮಾನಿಸಲು ನಿಸಿದಿಗಳನ್ನು ಕೆದಕುವುದು ಹಾಗಲ್ಲ. ಘಟನೆಗೂ ಮೊದಲ ಶಾಸನಕ್ಕೂ ನಡುವಿನ ಸುಮಾರು ಒಂಬತ್ತು ಶತಮಾನಗಳಲ್ಲಿ ನೆನಪೊಂದು ಹೇಗೆ ರೂಪುಗೊಂಡಿತೆಂಬುದು ಪಠ್ಯಸಂಶೋಧನೆಗೆ ಸೇರಿದ ಪ್ರಶ್ನೆ. ಅದಕ್ಕೆ ಬೇಕಾದ ಸಾಮಗ್ರಿ ಬಂಡೆಯ ಮೇಲೆಯೂ ಓಲೆಗರಿಯಲ್ಲಿಯೂ ಇದೆ.