ಕೊಳವೆಯೊಳಗಣ ಸೀಸ: ಹಳೆಯ ರಿವಾಲ್ವರುಗಳ ಸಾಕ್ಷ್ಯವನ್ನು ಕುರಿತು

ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆ ಕ್ಷೇತ್ರಕಾರ್ಯಕ್ಕೆಂದು ಸಂಚರಿಸುವಾಗ, ಹಿರಿಯರ ಆಯುಧವೆಂದು ರಿವಾಲ್ವರೊಂದನ್ನು ತೋರಿಸಿ, ಅದು 1830ರ ನಗರ ದಂಗೆಯಲ್ಲಿ ತರೀಕೆರೆಯ ಪಾಳೆಯಗಾರ ಸರ್ಜಾ ಹನುಮಪ್ಪ ನಾಯಕನ ಕಡೆಯವರು ಹಿಡಿದದ್ದೆಂದು ಹೇಳುವವರನ್ನು ನಾವು ಕಂಡಿದ್ದೇವೆ. ಕೊಳವೆಯೊಳಗೆ ಮೆತ್ತಿರುವ ಸೀಸವೇ ಇದಕ್ಕೆ ಆಧಾರವೆಂಬುದು ಅವರ ವಾದ. ಕಾಲಗಣನೆ ಇದನ್ನು ಒಪ್ಪದು. ಸ್ಯಾಮ್ಯುಯೆಲ್ ಕೋಲ್ಟನು ತನ್ನ ರಿವಾಲ್ವರಿಗೆ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಪಡೆದದ್ದು 1835ರಲ್ಲಿ, ಅಮೆರಿಕದಲ್ಲಿ 1836ರಲ್ಲಿ. ಅದಕ್ಕೆ ಮೊದಲೇ, 1831ರಲ್ಲಿ, ಮೈಸೂರಿನ ಆಡಳಿತ ಕಂಪನಿಯ ಕೈಸೇರಿತ್ತು. ಆದರೆ ಸೀಸವು ಏನನ್ನೂ ಹೇಳದೆಂದಲ್ಲ. ಅದನ್ನು ಓದುವ ಕ್ರಮ ಬೇರೆ.

ಸೀಸ ಕರಗಲು 327 ಡಿಗ್ರಿ ಸೆಂಟಿಗ್ರೇಡ್ ಶಾಖ ಸಾಕು. ಮದ್ದಿನ ಉರಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಎರಕದ ಗುಂಡು ಕೊಳವೆಯ ಸುರುಳಿಗೆರೆಗಳನ್ನು ಬಿಗಿಯಾಗಿ ತುಂಬದಿದ್ದರೆ ಉರಿಯುವ ಅನಿಲವು ಸಂದಿನಲ್ಲಿ ನುಗ್ಗಿ ಗುಂಡಿನ ಮೈಯನ್ನು ಕೊರೆದು, ಸೀಸವನ್ನು ಉಕ್ಕಿಗೆ ಬಳಿಯುತ್ತದೆ. ಇಂತಹ ಲೇಪ ಕೊಳವೆಯ ಬುಡದಲ್ಲಿ ದಟ್ಟವಾಗಿರುತ್ತದೆ. ಬಾಯಿಯ ಕಡೆಗೆ ಹೆಚ್ಚಿದ್ದರೆ, ಗುಂಡಿಗೆ ಸವರಿದ ಮೇಣವೋ ಕೊಬ್ಬೋ ದಾರಿಯಲ್ಲೇ ಮುಗಿದುಹೋಗಿದೆಯೆಂದು ತಿಳಿಯಬೇಕು. ತವರ, ಆಂಟಿಮನಿಗಳನ್ನು ಬೆರೆಸಿ ಗುಂಡನ್ನು ಗಡಸುಮಾಡಿದರೆ ದೋಷ ನೀಗುವುದೆಂಬ ನಂಬಿಕೆ ಅರ್ಧಸತ್ಯ. ಒತ್ತಡ ಕಡಿಮೆಯಿರುವ ಆಯುಧದಲ್ಲಿ ಅತಿ ಗಡಸಾದ ಗುಂಡು ಹಿಗ್ಗಿ ಸಂದನ್ನು ಮುಚ್ಚಲಾರದೆ ಲೇಪವನ್ನೇ ಹೆಚ್ಚಿಸಬಹುದು. ಬ್ರಿಟಿಷ್ ಸೇನೆಯ ಮಾರ್ಟಿನಿ-ಹೆನ್ರಿ ಬಂದೂಕಿನಲ್ಲಿ ಹನ್ನೆರಡು ಪಾಲು ಸೀಸಕ್ಕೆ ಒಂದು ಪಾಲು ತವರ ಬೆರೆಸಿ, ಮೇಲೆ ಕಾಗದ ಸುತ್ತುತ್ತಿದ್ದರು.

ರಿವಾಲ್ವರಿನಲ್ಲಿ ಇನ್ನೊಂದು ತೊಡಕುಂಟು. ಅದರ ಉರುಳೆ ಬೇರೆ, ಕೊಳವೆ ಬೇರೆ. ಗುಂಡು ಒಂದರಿಂದ ಇನ್ನೊಂದಕ್ಕೆ ಸಣ್ಣ ಬಿರುಕನ್ನು ಹಾರಿ ಹೋಗಬೇಕು. ಉರುಳೆಯನ್ನು ತಿರುಗಿಸುವ ಕೊಕ್ಕೆ, ಅದನ್ನು ಹಿಡಿದು ನಿಲ್ಲಿಸುವ ತಡೆ, ಇವು ಸವೆದರೆ ರಂಧ್ರವೂ ಕೊಳವೆಯೂ ಒಂದೇ ನೇರದಲ್ಲಿ ನಿಲ್ಲವು. ಆಗ ಕೊಳವೆಯ ಬುಡದಂಚು ಗುಂಡಿನ ಒಂದು ಪಕ್ಕವನ್ನು ಹೆರೆಯುತ್ತದೆ. ಚೂರುಗಳು ಬಿರುಕಿನಿಂದ ಹೊರಚಿಮ್ಮುತ್ತವೆ. ಉರುಳೆಯ ಮುಖಕ್ಕೆ ಅಂಟಿದ ಸೀಸವೂ ಮಸಿಯೂ ಅದರ ತಿರುಗಾಟವನ್ನು ಬಿಗಿಸುವುದರಿಂದ ಕೊಕ್ಕೆಯ ಮೇಲಣ ಭಾರ ಹೆಚ್ಚಿ ಸವೆತ ಮತ್ತಷ್ಟು ಬೆಳೆಯುತ್ತದೆ. ಆದಕಾರಣ ಸುತ್ತಲೂ ಸಮನಾಗಿ ಹಬ್ಬಿದ ಸೀಸವು ಗುಂಡಿನ ಅಳತೆಯನ್ನೂ, ಒಂದೇ ಪಕ್ಕಕ್ಕೆ ಮೆತ್ತಿದ ಸೀಸವು ಯಂತ್ರದ ಸವೆತವನ್ನೂ ಮೊದಲು ಸೂಚಿಸುತ್ತವೆ. ಎರಡೂ ಬಳಕೆಯ ಗುರುತುಗಳು, ಕಾಲದ ಗುರುತುಗಳಲ್ಲ. ಅಳತೆ ಒಗ್ಗದ ಗುಂಡಾದರೆ ಒಂದು ಮಧ್ಯಾಹ್ನದ ಗುರಿಯಾಟದಲ್ಲೇ ಕೊಳವೆ ಬೂದಿಬಣ್ಣಕ್ಕೆ ತಿರುಗಬಹುದು.

ಇಂತಹ ಆಯುಧವನ್ನು ಮನೆಯವರು ಹಬ್ಬಕ್ಕೆ ಮುನ್ನ ಮರಳುಕಾಗದದಿಂದ ಉಜ್ಜಿ ಹೊಳೆಯಿಸುವುದುಂಟು. ಸೀಸದೊಡನೆ ತಯಾರಕರ ಮುದ್ರೆಯೂ ಅಂಕಿಗಳೂ ಅಳಿಯುತ್ತವೆ. ಕಾಲವನ್ನು ನಿರ್ಣಯಿಸಬಲ್ಲವು ಅವೇ. ಸೀಸದ ಧೂಳು ವಿಷವೆಂಬುದನ್ನೂ ಅವರಿಗೆ ಹೇಳಬೇಕಾಗುತ್ತದೆ. ಬರಿದಾಗಿದೆಯೆಂದು ಪರವಾನಗಿದಾರರು ಮೊದಲು ಖಚಿತಪಡಿಸಿದ ಮೇಲೆಯೇ ನಾವು ಆಯುಧವನ್ನು ಮುಟ್ಟಿ, ಬುಡದ, ಬಾಯಿಯ, ಉರುಳೆಯ ಮುಖದ ಚಿತ್ರಗಳನ್ನು ತೆಗೆದು, ಮುದ್ರೆಗಳನ್ನು ನಕಲುಮಾಡಿಕೊಂಡು, ಒರೆಸದೆ ಹಿಂದಿರುಗಿಸುತ್ತೇವೆ.