ಕಿಂದರಿಜೋಗಿಯ ಕೂಲಿ ಬಾಕಿ

ಮಕ್ಕಳ ಕಥೆಗೂ ಬಡವ-ಬಲ್ಲಿದ ಅನ್ನೋ ಲೆಕ್ಕಕ್ಕೂ ಏನ್ರೀ ಸಂಬಂಧ ಅಂತ ಕೇಳೋರಿದ್ದಾರೆ. ಸಂಬಂಧ ಇದೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನೇ ತಗೊಳ್ಳಿ. ನಾವೆಲ್ಲ ಅದನ್ನು ಇಲಿಗಳ ಕಥೆ, ಮಾಯದ ಕಿಂದರಿಯ ಕಥೆ ಅಂತಲೇ ಓದಿದವರು. ಸ್ವಲ್ಪ ನಿಧಾನವಾಗಿ ನೋಡಿ. ಊರಿಗೆ ಇಲಿ ಕಾಟ. ಹೊರಗಿನವನೊಬ್ಬ ಬರುತ್ತಾನೆ. ಗೌಡ ದುಡ್ಡಿನ ಮಾತು ಕೊಡುತ್ತಾನೆ. ಇಲಿಗಳೆಲ್ಲ ಹೊಳೆ ಪಾಲಾಗುತ್ತವೆ. ಕೆಲಸ ಮುಗಿದ ಮೇಲೆ ಗೌಡ ಉಲ್ಟಾ ಹೊಡೆಯುತ್ತಾನೆ. ಅಂದ್ರೆ ಇದು ಕೂಲಿ ಕೊಡದ ಕಥೆ!

ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪದ್ಯ ಇದಕ್ಕೆ ಆಧಾರ. ಅಲ್ಲಿ ಮಾತು ತಪ್ಪುವವನು ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಮೇಯರ್. ಕುವೆಂಪು ಕಥೆಯನ್ನು ತುಂಗಾ ತೀರಕ್ಕೆ ತಂದಾಗ ಮೇಯರ್ ಜಾಗದಲ್ಲಿ ಗೌಡನನ್ನು ಕೂರಿಸಿದರು. ಇಲ್ಲಿ ಗೌಡ ಅಂದ್ರೆ ಊರ ಯಜಮಾನ, ಜಾತಿಯ ಮಾತಲ್ಲ. ಮಲೆನಾಡಿನಲ್ಲಿ ಬೆಳೆದ ಕವಿಗೆ ಹಳ್ಳಿಯಲ್ಲಿ ದುಡ್ಡಿನ ಗಂಟು ಯಾರ ಕೈಯಲ್ಲಿದೆ ಅಂತ ಗೊತ್ತಿತ್ತು.

ಈಗ ಇದೇ ಪದ್ಯವನ್ನು ಆಲೂರು ತಾಲ್ಲೂಕಿನ ಮಗ್ಗೆಯ ಕಡೆ ಓದಿ. ಅದು ಕಾಫಿ ಸೀಮೆ. ಡಿಸೆಂಬರ್, ಜನವರಿ ಬಂತೆಂದರೆ ಹಣ್ಣು ಕುಯ್ಯೋ ಕಾಲ. ಕುಯ್ದ ಹಣ್ಣು ಸಂಜೆ ತಕ್ಕಡಿಗೆ ಬರುತ್ತೆ, ರೈಟರು ಲೆಕ್ಕ ಬರೆದುಕೊಳ್ತಾರೆ, ಬಟವಾಡೆ ದಿನ ಕಾಸು. ಲೈನ್ ಮನೆಯ ಮಗುವಿಗೆ ಬಟವಾಡೆ ಅಂದ್ರೇನು ಅಂತ ಯಾರೂ ಹೇಳಿಕೊಡಬೇಕಿಲ್ಲ. ತೋಟದ ಯಜಮಾನರ ಮಗುವೂ ಇದೇ ಪದ್ಯ ಹಾಡುತ್ತೆ. ಹಾಡು ಒಂದೇ, ಆದ್ರೆ ಜೋಗಿಯ ಹೊಟ್ಟೆಯುರಿ ಇಬ್ಬರಿಗೂ ಒಂದೇ ಥರ ತಟ್ಟುತ್ತಾ?

ಕ್ಲಾಸಿನಲ್ಲಿ ನಾವು ಹೇಳೋ ನೀತಿ, ‘ಕೊಟ್ಟ ಮಾತು ತಪ್ಪಬಾರದು’. ಸರಿಯೇ. ಆದ್ರೆ ಮಾತು ತಪ್ಪಿಯೂ ದಕ್ಕಿಸಿಕೊಳ್ಳಬಹುದು ಅನ್ನೋ ಧೈರ್ಯ ಗೌಡನಿಗೆ ಎಲ್ಲಿಂದ ಬಂತು? ಅವನು ಉಳಿಸಿದ ದುಡ್ಡಿಗೆ ಊರಿನವರೆಲ್ಲ ತಮ್ಮ ಮಕ್ಕಳನ್ನು ಕಳಕೊಂಡರಲ್ಲ, ಅದು ಯಾವ ನ್ಯಾಯ? ಜೋಗಿ ಹತ್ತಿರ ಕಿಂದರಿ ಇತ್ತು. ಕಿಂದರಿ ಇಲ್ಲದವನು ಕೂಲಿ ವಸೂಲಿಗೆ ಎಲ್ಲಿಗೆ ಹೋಗಬೇಕು? ಅಂಥವನಿಗಾಗಿಯೇ 1948ರಲ್ಲಿ ಕನಿಷ್ಠ ವೇತನ ಕಾಯ್ದೆ ಬಂತು, 1951ರಲ್ಲಿ ತೋಟ ಕಾರ್ಮಿಕರ ಕಾಯ್ದೆ ಬಂತು. ಮಕ್ಕಳ ಪದ್ಯದಿಂದ ಅಲ್ಲಿಗೆ ದೂರವೇನೂ ಇಲ್ಲ.

ಮೇಷ್ಟ್ರೇ, ಮೇಡಂ, ಈ ಪದ್ಯ ಮಾಡುವಾಗ ನೀತಿ ಹೇಳೋಕೆ ಮೊದಲು ಒಂದು ಪ್ರಶ್ನೆ ಕೇಳಿ: ‘ಜೋಗಿಗೆ ಕೂಲಿ ಯಾಕೆ ಸಿಗಲಿಲ್ಲ?’ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿರೋ ಲೈನ್ ಮನೆಯ ಮಗು ಅವತ್ತು ಮೊದಲು ಕೈ ಎತ್ತೀತು.