ಉತ್ತರವು ಬೇರೊಂದು ಬಾಗಿಲಿನಿಂದ ಬಂದಾಗ

ಗಣಕಯಂತ್ರಗಳು ಪರಸ್ಪರ ಸಂದೇಶಗಳನ್ನು ಕಳುಹಿಸುವ ವಿಧಾನಗಳಲ್ಲಿ ಯು.ಡಿ.ಪಿ. ಎಂಬುದು ಬಹು ಸರಳವಾದುದು. ಅಮೆರಿಕದ ಗಣಕವಿಜ್ಞಾನಿ ಜಾನ್ ಪೋಸ್ಟೆಲ್ ಅವರು ಇದರ ನಿಯಮಗಳನ್ನು 1980ರಲ್ಲಿ ಪ್ರಕಟಿಸಿದರು. ದೂರವಾಣಿಯಲ್ಲಿರುವಂತೆ ಎರಡು ಕಡೆಗಳ ನಡುವೆ ನಿರಂತರ ಸಂಪರ್ಕವೇನೂ ಇಲ್ಲಿ ಏರ್ಪಡುವುದಿಲ್ಲ. ಅಂಚೆಯ ಕಾರ್ಡಿನಂತೆ ಪ್ರತಿಯೊಂದು ಸಂದೇಶವೂ ಸ್ವತಂತ್ರವಾಗಿ ಸಾಗುತ್ತದೆ.

ಸಂದೇಶದ ಮೊದಲ 8 ಬೈಟುಗಳಲ್ಲಿ ನಾಲ್ಕು ವಿವರಗಳಿರುತ್ತವೆ: ಕಳುಹಿಸಿದವರ ಪೋರ್ಟ್ ಸಂಖ್ಯೆ, ಪಡೆಯುವವರ ಪೋರ್ಟ್ ಸಂಖ್ಯೆ, ಉದ್ದ ಮತ್ತು ದೋಷವನ್ನು ಪತ್ತೆಹಚ್ಚುವ ಮೊತ್ತ. ಯಂತ್ರದ ವಿಳಾಸವನ್ನು ದೊಡ್ಡದೊಂದು ಕಚೇರಿಯ ವಿಳಾಸಕ್ಕೆ ಹೋಲಿಸಿದರೆ, ಪೋರ್ಟ್ ಎಂಬುದು ಆ ಕಚೇರಿಯ ಒಂದು ಕೋಣೆಯ ಬಾಗಿಲು. ಈ ಬಾಗಿಲುಗಳಿಗೆ 65,535ರವರೆಗೆ ಸಂಖ್ಯೆಗಳುಂಟು.

69ನೆಯ ಬಾಗಿಲಿಗೆ ಪತ್ರ ಬರೆದರೆ ಉತ್ತರವೂ ಅಲ್ಲಿಂದಲೇ ಬರಬೇಕಲ್ಲವೆ? ಹಾಗೆಂದು ಭಾವಿಸುವುದು ಸಹಜ. ಆದರೆ ಯು.ಡಿ.ಪಿ.ಯಲ್ಲಿ ಅಂತಹ ಕಟ್ಟುಪಾಡಿಲ್ಲ. ಟಿ.ಎಫ್.ಟಿ.ಪಿ. ಎಂಬ ಕಡತ ಸಾಗಣೆಯ ಪದ್ಧತಿಯೇ ಇದಕ್ಕೆ ಒಳ್ಳೆಯ ನಿದರ್ಶನ. ಡಿಸ್ಕ್ ಇಲ್ಲದ ಗಣಕಗಳನ್ನು ಚಾಲನೆಗೊಳಿಸಲು, ರೌಟರುಗಳಿಗೆ ತಂತ್ರಾಂಶವನ್ನು ತುಂಬಲು ಇದು ಬಳಕೆಯಲ್ಲಿದೆ. 1992ರಲ್ಲಿ ಪರಿಷ್ಕೃತವಾದ ಇದರ ನಿಯಮಾವಳಿಯಂತೆ ಮೊದಲ ಕೋರಿಕೆಯು ಸರ್ವರಿನ 69ನೆಯ ಪೋರ್ಟಿಗೆ ಹೋಗುತ್ತದೆ. ಸರ್ವರ್ ಆ ಕೋರಿಕೆಗೆಂದೇ ಬೇರೊಂದು ಪೋರ್ಟನ್ನು, ಉದಾಹರಣೆಗೆ 50,312ನ್ನು, ಆರಿಸಿಕೊಂಡು ಅಲ್ಲಿಂದ ಉತ್ತರಿಸುತ್ತದೆ. ಏಕಕಾಲದಲ್ಲಿ ಹತ್ತು ಯಂತ್ರಗಳು ಕಡತಗಳನ್ನು ಕೇಳಿದರೂ ಹತ್ತು ವ್ಯವಹಾರಗಳು ಒಂದರೊಡನೊಂದು ಬೆರೆಯಬಾರದೆಂಬುದೇ ಇದರ ಉದ್ದೇಶ.

ತೊಡಕು ಉಂಟಾಗುವುದು ಇಲ್ಲಿಯೇ. "69ರಿಂದ ಬಂದುದನ್ನು ಮಾತ್ರ ನನಗೆ ಒಪ್ಪಿಸು" ಎಂದು ಕೇಳುವ ಕಡೆಯ ಪ್ರೋಗ್ರಾಮು ತನ್ನ ಗಣಕಕ್ಕೆ ಮೊದಲೇ ಆಜ್ಞೆಯಿತ್ತಿದ್ದರೆ, ಉತ್ತರವು ಗಣಕದವರೆಗೆ ಬಂದರೂ ಪ್ರೋಗ್ರಾಮಿನ ಕೈಸೇರದು. ಜಾಲವನ್ನು ಕಾಯುವ ಫೈರ್‌ವಾಲ್ ಕೂಡ ಇದೇ ಕಾರಣದಿಂದ ಅದನ್ನು ಅಪರಿಚಿತವೆಂದು ತಡೆಯಬಹುದು. ಸರ್ವರ್ ಉತ್ತರಿಸುತ್ತಲೇ ಇರುತ್ತದೆ. ಕೇಳಿದವನಿಗೆ ಮಾತ್ರ ಅದು ಮೌನವಾಗಿರುವಂತೆ ತೋರುತ್ತದೆ.

ಹಾಗಾದರೆ ಎಲ್ಲಿಂದ ಬಂದುದನ್ನಾದರೂ ಸ್ವೀಕರಿಸೋಣವೆ? ಅದೂ ಅಪಾಯಕರ. ಮೂರನೆಯವನೊಬ್ಬನು ನಡುವೆ ನುಗ್ಗಿ ರೌಟರಿಗೆ ಹುಸಿ ತಂತ್ರಾಂಶವನ್ನು ಉಣಿಸಬಹುದು. ಆದುದರಿಂದ ಮಧ್ಯಮ ಮಾರ್ಗವೊಂದನ್ನು ಅನುಸರಿಸಬೇಕು. ಮೊದಲ ಉತ್ತರವು ನಾವು ಕೇಳಿದ ಯಂತ್ರದ ವಿಳಾಸದಿಂದಲೇ ಬಂದಿತೆ ಎಂದು ಪರೀಕ್ಷಿಸಬೇಕು. ಅದರಲ್ಲಿರುವ ಹೊಸ ಪೋರ್ಟನ್ನು ಗುರುತುಮಾಡಿಕೊಂಡು, ಮುಂದಿನ ವ್ಯವಹಾರವನ್ನೆಲ್ಲ ಅದರೊಡನೆಯೇ ನಡೆಸಬೇಕು. ಅನಂತರ ಬೇರೆ ಪೋರ್ಟಿನಿಂದ ಏನಾದರೂ ಬಂದರೆ, ಅದನ್ನು ಕಳುಹಿಸಿದವರಿಗೆ 5ನೆಯ ಸಂಖ್ಯೆಯ ದೋಷಸಂದೇಶವನ್ನು ಕೊಟ್ಟು, ಮೂಲ ಸಾಗಣೆಯನ್ನು ನಿಲ್ಲಿಸದೆ ಮುಂದುವರಿಸಬೇಕೆಂದು ನಿಯಮಾವಳಿಯು ವಿಧಿಸುತ್ತದೆ.

ವಿಳಾಸವನ್ನೂ ಪೋರ್ಟನ್ನೂ ಕೃತ್ರಿಮವಾಗಿ ಸೃಷ್ಟಿಸುವುದು ಸಾಧ್ಯ. ಆದ್ದರಿಂದ ಬಂದ ತಂತ್ರಾಂಶದ ಡಿಜಿಟಲ್ ಸಹಿಯನ್ನು ಪರಿಶೀಲಿಸಿದ ಬಳಿಕವೇ ಅದನ್ನು ಬಳಸುವುದು ಕ್ಷೇಮ. ಬಾಗಿಲಿನ ಸಂಖ್ಯೆಯು ಸಂದೇಶವನ್ನು ಎಲ್ಲಿಗೆ ಒಪ್ಪಿಸಬೇಕೆಂಬುದನ್ನು ತಿಳಿಸುತ್ತದೆಯೇ ಹೊರತು, ಕಳುಹಿಸಿದವನು ಪ್ರಾಮಾಣಿಕನೆಂಬುದಕ್ಕೆ ಸಾಕ್ಷಿಯಾಗಲಾರದು.